ಅಮ್ಮ ಸತ್ತರೂ ಅಳು ಬರಲಿಲ್ಲವಾ?

ಹೋದ ಸಂಚಿಕೆಯಲ್ಲಿ ಗುಲಾಮಗಿರಿಯಿಂದ ಪಾರಾಗಿ ಬಂದವರ ಆತ್ಮಕಥೆಗಳ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿದ್ದು ಒಂದೇ ಮಾತು: ಇಷ್ಟು ನೋವು ಉಂಡವರು ಇಷ್ಟು ತಣ್ಣಗೆ ಹೇಗೆ ಬರೆದರು? ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ಅಮೆರಿಕದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಸ್ 1845ರಲ್ಲಿ ಬರೆದ ಆತ್ಮಕಥೆ ಓದಿದೆ. ಕಣ್ಣೀರು ಹಾಕುತ್ತಾ ಓದಬೇಕಾಗುತ್ತದೆ ಅಂದುಕೊಂಡಿದ್ದೆ. ಆದರೆ ಮೊದಲ ಅಧ್ಯಾಯದಲ್ಲೇ ಅಮ್ಮ ಸತ್ತ ಸುದ್ದಿ ಬರುತ್ತದೆ, ಯಾರೋ ಗುರುತಿಲ್ಲದವರು ಸತ್ತ ಹಾಗೆ ಅನ್ನಿಸಿತು ಅಂತ ಹೇಳಿ ಮುಂದೆ ಹೋಗಿಬಿಡುತ್ತಾರೆ. ನನಗೆ ಬೇಜಾರಾಯಿತು. ಹೆತ್ತ ತಾಯಿಯ ಬಗ್ಗೆ ಹೀಗೆ ಬರೆಯೋದಾ? ಅಷ್ಟು ಕಲ್ಲು ಮನಸ್ಸಾ?

ಉತ್ತರ: ಬೇಜಾರಾಯಿತಲ್ವಾ, ಆ ಬೇಜಾರನ್ನು ಇಟ್ಟುಕೊಂಡೇ ಅದೇ ಪುಟಕ್ಕೆ ಇನ್ನೊಂದು ಸಲ ಹೋಗಿ. ಸಾವಿನ ಸುದ್ದಿಗೆ ಮುಂಚೆ ಅವರು ಏನೇನು ಹೇಳಿದ್ದಾರೆ ನೋಡಿ.

ಅವರು ಹುಟ್ಟಿದ ಮೇರಿಲ್ಯಾಂಡಿನ ಆ ಭಾಗದಲ್ಲಿ ಮಗುವಿಗೆ ವರ್ಷ ತುಂಬುವ ಮೊದಲೇ ತಾಯಿಯಿಂದ ಕಿತ್ತು ದೂರ ಮಾಡುವುದು ವಾಡಿಕೆಯಾಗಿತ್ತು. ತಾಯಿಯನ್ನು ಬೇರೆ ಜಮೀನಿಗೆ ಕೂಲಿಗೆ ಕಳಿಸುತ್ತಿದ್ದರು, ಮಗುವನ್ನು ಹೊಲದಲ್ಲಿ ದುಡಿಯಲಾರದ ವಯಸ್ಸಿನ ಮುದುಕಿಯೊಬ್ಬಳ ಕೈಗೆ ಕೊಡುತ್ತಿದ್ದರು. ಡಗ್ಲಸ್ ತಮ್ಮ ತಾಯಿ ಹ್ಯಾರಿಯೆಟ್ ಬೇಲಿಯನ್ನು ನೋಡಿದ್ದು ಒಟ್ಟು ನಾಲ್ಕೋ ಐದೋ ಸಲ. ಅದೂ ರಾತ್ರಿ. ಹಗಲಿಡೀ ಹೊಲದಲ್ಲಿ ದುಡಿದು, ಹನ್ನೆರಡು ಮೈಲಿ ನಡೆದು ಬರುತ್ತಿದ್ದರು. ಬಂದು ಮಗನ ಪಕ್ಕ ಮಲಗಿ, ಅವನಿಗೆ ನಿದ್ದೆ ಬರಿಸಿ, ಅವನು ಏಳುವ ಮೊದಲೇ ಹೊರಟುಹೋಗುತ್ತಿದ್ದರು, ಯಾಕೆಂದರೆ ಸೂರ್ಯ ಹುಟ್ಟುವಾಗ ಹೊಲದಲ್ಲಿ ಇಲ್ಲದಿದ್ದರೆ ಚಾವಟಿ ಏಟು ಬೀಳುತ್ತಿತ್ತು. ಅಮ್ಮನ ಮುಖವನ್ನು ಬೆಳಕಿನಲ್ಲಿ ನೋಡಿದ ನೆನಪೇ ಇಲ್ಲ ಅಂತ ಡಗ್ಲಸ್ ಬರೆಯುತ್ತಾರೆ. ಅವರಿಗೆ ಸುಮಾರು ಏಳು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಕಾಯಿಲೆ ಬಿದ್ದಾಗ ನೋಡಲು ಬಿಡಲಿಲ್ಲ, ಸಾಯುವಾಗ ಬಿಡಲಿಲ್ಲ, ಮಣ್ಣು ಮಾಡುವಾಗಲೂ ಬಿಡಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಬರುವ ಮಾತು ಅದು. ಆ ಹುಡುಗನಿಗೆ ಅಳು ಬರಲಿಲ್ಲ ಅನ್ನುವುದೇ ಅಲ್ಲಿನ ದೂರು. ದುಡಿಸಿಕೊಂಡಿದ್ದು, ಹೊಡೆದದ್ದು ಹಾಗಿರಲಿ, ಹೆತ್ತವಳಿಗಾಗಿ ಅಳುವಷ್ಟು ಪರಿಚಯವನ್ನೂ ಉಳಿಸಲಿಲ್ಲ. ಡಗ್ಲಸ್ ಅಲ್ಲಿ ‘ಅಯ್ಯೋ ನನ್ನಮ್ಮಾ’ ಅಂತ ಒಂದು ಪುಟ ಅತ್ತಿದ್ದರೆ ಓದುವ ನಮಗೆ ಹಗುರವಾಗುತ್ತಿತ್ತು, ಸದ್ಯ ಕರುಳಿನ ನಂಟಾದರೂ ಉಳಿದಿತ್ತಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆವು. ಆ ಸಮಾಧಾನವನ್ನು ಅವರು ನಮಗೆ ಕೊಡುವುದಿಲ್ಲ.

ಆ ಪುಸ್ತಕದಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವ ಜಾಗ ಇನ್ನೊಂದಿದೆ. ಮಕ್ಕಳಿಗೆ ಮೊಣಕಾಲಿನವರೆಗೆ ಬರುವ ಒರಟು ನಾರಿನ ಅಂಗಿ ಒಂದೇ, ಚಳಿಗಾಲಕ್ಕೂ ಅದೇ. ಚಡ್ಡಿ ಇಲ್ಲ, ಚಪ್ಪಲಿ ಇಲ್ಲ, ಹೊದಿಕೆ ಇಲ್ಲ. ಡಗ್ಲಸ್ ಜೋಳದ ಚೀಲವೊಂದನ್ನು ಕದ್ದು, ಅದರೊಳಗೆ ತಲೆ ತೂರಿಸಿಕೊಂಡು, ತೇವದ ಮಣ್ಣು ನೆಲದ ಮೇಲೆ ಮಲಗುತ್ತಿದ್ದರು. ಕಾಲು ಹೊರಗೇ ಉಳಿಯುತ್ತಿತ್ತು. ಚಳಿಗೆ ಕಾಲು ಎಷ್ಟು ಸೀಳಿತ್ತು ಅಂತ ಹೇಳಲು ಅವರು ಏನು ಮಾಡುತ್ತಾರೆ ಗೊತ್ತಾ? ಈಗ ನಾನು ಬರೆಯುತ್ತಿರುವ ಈ ಪೆನ್ನನ್ನು ಆ ಸೀಳಿನೊಳಗೆ ಮಲಗಿಸಬಹುದಿತ್ತು ಅನ್ನುತ್ತಾರೆ. ಅಷ್ಟೇ. ಆ ವಾಕ್ಯದಲ್ಲಿ ನೋವಾಯಿತು ಅಂತ ಇಲ್ಲ, ರಾತ್ರಿ ನರಳಿದೆ ಅಂತ ಇಲ್ಲ. ಪೆನ್ನಿನ ದಪ್ಪ ನಮಗೆಲ್ಲ ಗೊತ್ತು, ಕೈಯಲ್ಲಿ ಹಿಡಿದವರು ನಾವು. ಓದುತ್ತಾ ಓದುತ್ತಾ ಅದು ನಮ್ಮ ಹಿಮ್ಮಡಿಗೇ ಬಂದು ತಾಗುತ್ತದೆ. ಮೇಜಿನ ಮುಂದೆ ಕೂತು ಬರೆಯುತ್ತಿರುವ ದೊಡ್ಡ ಮನುಷ್ಯ, ಚೀಲದಲ್ಲಿ ತಲೆ ಹುದುಗಿಸಿಕೊಂಡ ಹುಡುಗ, ಇಬ್ಬರೂ ಆ ಒಂದೇ ವಾಕ್ಯದಲ್ಲಿ ಇದ್ದಾರೆ. ಇದನ್ನು ಬರೆದವರ ಮನಸ್ಸು ಕಲ್ಲು ಅಂತ ನನಗಂತೂ ಅನ್ನಿಸುವುದಿಲ್ಲ.

ಪ್ರಶ್ನೆ: ಇದು ಬರೆಯುವ ಶೈಲಿ ಅಂತೀರಾ? ಇಲ್ಲ, ಹೆದರಿಕೆಯಿಂದ ಹಾಗೆ ಬರೆದರಾ? ನಾನು ನಿವೃತ್ತ ಮೇಷ್ಟ್ರು. ಅನ್ಯಾಯ ಆದವರು ಕೂಗಿ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಉತ್ತರ: ಮೇಷ್ಟ್ರೇ, ಕೂಗಿ ಹೇಳಿದರೆ ನಂಬುವವರು ಇರಬೇಕಲ್ಲ. 1838ರಲ್ಲಿ ಜೇಮ್ಸ್ ವಿಲಿಯಮ್ಸ್ ಅನ್ನುವವರು ತಮ್ಮ ಕಥೆ ಹೇಳಿದರು, ಕವಿ ವಿಟಿಯರ್ ಬರೆದುಕೊಂಡರು, ಗುಲಾಮಗಿರಿ ವಿರೋಧಿ ಸಂಘ ಅದನ್ನು ಅಚ್ಚು ಹಾಕಿತು. ಅಲಬಾಮಾದ ಒಡೆಯರ ಕಡೆಯವರು ಅದರಲ್ಲಿನ ಹೆಸರು, ಊರು ಹಿಡಿದು ಸುಳ್ಳು ಅಂತ ಗುಲ್ಲೆಬ್ಬಿಸಿದರು. ಕೊನೆಗೆ ಸಂಘ ಪುಸ್ತಕವನ್ನೇ ವಾಪಸ್ ತೆಗೆದುಕೊಂಡಿತು. ಆಮೇಲೆ ಬರೆಯಲು ಕೂತ ಪ್ರತಿಯೊಬ್ಬರ ತಲೆಯಲ್ಲೂ ಇದು ಇದ್ದೇ ಇರುತ್ತದೆ. ಒಂದು ಮಾತು ಹೆಚ್ಚಾದರೆ ಇಡೀ ಪುಸ್ತಕ ಹೋಯಿತು, ತಮ್ಮದಷ್ಟೇ ಅಲ್ಲ, ಮುಂದೆ ಬರೆಯುವವರದ್ದೂ ಹೋಯಿತು.

ಏಳು ವರ್ಷ ಆದ ಮೇಲೆ ಡಗ್ಲಸ್ ಪುಸ್ತಕ ಬಂತು. ಅದಕ್ಕೂ ಮುನ್ನುಡಿಯಾಗಿ ಗುಲಾಮಗಿರಿ ವಿರುದ್ಧ ಹೋರಾಡುತ್ತಿದ್ದ ಗ್ಯಾರಿಸನ್ ಮತ್ತು ವೆಂಡೆಲ್ ಫಿಲಿಪ್ಸ್ ಅನ್ನುವ ಇಬ್ಬರು ಬಿಳಿಯರ ಮಾತು ಬೇಕಾಯಿತು, ‘ಇವರು ಹೇಳುವುದು ನಿಜ’ ಅಂತ. ಆದರೂ ಒಡೆಯರ ಕಡೆಯ ಥಾಂಪ್ಸನ್ ಅನ್ನುವ ಬಿಳಿಯನೊಬ್ಬ ಡಗ್ಲಸ್ ಅವರ ಹಳೆಯ ಹೆಸರು ಹಿಡಿದು ಪತ್ರಿಕೆಗೆ ಬರೆದ: ಈ ಫ್ರೆಡರಿಕ್ ಬೇಲಿ ನನಗೆ ಗೊತ್ತು, ಓದುಬರಹ ಬಾರದ ಗುಲಾಮ, ಇಂಥ ಪುಸ್ತಕ ಅವನಿಂದ ಆಗುವುದಲ್ಲ. ಡಗ್ಲಸ್ ಅವನಿಗೆ ಥ್ಯಾಂಕ್ಸ್ ಹೇಳಿ ಉತ್ತರ ಬರೆದರು! ಯಾಕೆಂದರೆ ಅಲ್ಲಿಯವರೆಗೆ ಜನ ‘ಇಷ್ಟು ಚೆನ್ನಾಗಿ ಮಾತಾಡುವವನು ಗುಲಾಮನಾಗಿದ್ದವನೇ ಅಲ್ಲ’ ಅನ್ನುತ್ತಿದ್ದರು. ಗುಲಾಮನಾಗಿದ್ದ ಅನ್ನುವುದಕ್ಕೆ ಈಗ ಆ ಕಡೆಯಿಂದಲೇ ಸಾಕ್ಷಿ ಸಿಕ್ಕಿತಲ್ಲ.

ಜೊತೆಗಿದ್ದವರೂ ಕಡಿವಾಣ ಹಾಕಿದ್ದಾರೆ, ಇದನ್ನು ಹೇಳಲೇಬೇಕು. ಸಭೆಗಳಲ್ಲಿ ಡಗ್ಲಸ್ ಭಾಷಣ ಮಾಡುವಾಗ, ನೀನು ನಡೆದದ್ದನ್ನಷ್ಟೇ ಹೇಳು, ವಿಚಾರ ನಾವು ನೋಡಿಕೊಳ್ಳುತ್ತೇವೆ ಅಂತ ಸಂಘದವರೇ ಹೇಳುತ್ತಿದ್ದರಂತೆ. ಭಾಷೆಯಲ್ಲಿ ಸ್ವಲ್ಪ ಗುಲಾಮರ ಮಾತಿನ ವಾಸನೆ ಇರಲಿ, ಜಾಸ್ತಿ ಓದಿದವನ ಹಾಗೆ ಕಾಣಬೇಡ ಅಂತಲೂ ಹೇಳಿದರಂತೆ. 1855ರ ಎರಡನೇ ಪುಸ್ತಕದಲ್ಲಿ ಡಗ್ಲಸ್ ಇದನ್ನು ಬರೆಯುತ್ತಾರೆ. ಆದ ಅನ್ಯಾಯವನ್ನು ಬರೀ ವರದಿ ಮಾಡಿದರೆ ನನಗೆ ತೃಪ್ತಿಯಾಗುತ್ತಿರಲಿಲ್ಲ, ಅದನ್ನು ಖಂಡಿಸಬೇಕು ಅನ್ನಿಸುತ್ತಿತ್ತು ಅನ್ನುತ್ತಾರೆ. ನೋಡಿ, ನಿಮ್ಮ ಅಭಿಪ್ರಾಯ ಅವರದ್ದೂ ಆಗಿತ್ತು.

ಇದಕ್ಕಿಂತ ಸಂಕಟದ್ದು ಮೇರಿ ಪ್ರಿನ್ಸ್ ಅವರ ವಿಷಯ. ಬರ್ಮುಡಾದಲ್ಲಿ ಗುಲಾಮಳಾಗಿ ಹುಟ್ಟಿದವರು. 1831ರಲ್ಲಿ ಲಂಡನ್ನಿನಲ್ಲಿ ತಮ್ಮ ಕಥೆ ಹೇಳಿದರು, ಬೇರೆಯವರು ಬರೆದುಕೊಂಡರು. ಹರಾಜಿನ ದಿನ ಬೆಳಿಗ್ಗೆ ತಾಯಿ ಮಕ್ಕಳಿಗೆ ಹೊಸ ಬಟ್ಟೆ ತೊಡಿಸುತ್ತಾ, ಹೆಣಕ್ಕೆ ಬಟ್ಟೆ ಸುತ್ತಿದ ಹಾಗಾಗುತ್ತಿದೆ ಅನ್ನುವ ಮಾತು ಅದರಲ್ಲಿದೆ. ಅದನ್ನು ಓದಿಯೂ ಇಂಗ್ಲೆಂಡಿನ ಜನಕ್ಕೆ ಸಾಲಲಿಲ್ಲ. ಇವಳ ಮೈಮೇಲೆ ನಿಜವಾಗಿಯೂ ಗುರುತುಗಳಿವೆಯಾ ಅಂತ ಕೇಳಿದರು. ಸಂಪಾದಕರ ಹೆಂಡತಿ ಆ ಹೆಂಗಸಿನ ಬೆನ್ನು ನೋಡಿ, ಹೌದು, ಬೆನ್ನ ತುಂಬ ಬಾಸುಂಡೆ, ಗಾಯದ ಕಲೆಗಳಿವೆ ಅಂತ ಪತ್ರ ಬರೆದುಕೊಡಬೇಕಾಯಿತು. ಅದೂ ಅಚ್ಚಾಯಿತು. ಹೀಗೆ ಬೆನ್ನು ತೋರಿಸಿ ನಂಬಿಸಬೇಕಾದ ಕಾಲದಲ್ಲಿ ಕೂಗಿದ್ದರೆ ಏನಾಗುತ್ತಿತ್ತು ಹೇಳಿ.

ಹೆದರಿಕೆಯೂ ಇತ್ತು, ಆದರೆ ತಮಗಾಗಿ ಅಲ್ಲದ ಹೆದರಿಕೆ. 1838ರ ಸೆಪ್ಟೆಂಬರ್ 3ರಂದು ಹೇಗೆ ತಪ್ಪಿಸಿಕೊಂಡೆ ಅನ್ನುವುದನ್ನು ಡಗ್ಲಸ್ ಮೊದಲ ಪುಸ್ತಕದಲ್ಲಿ ಹೇಳಲೇ ಇಲ್ಲ. ಹೇಳಿದರೆ ಹಿಂದೆ ಉಳಿದವರಿಗೆ ಆ ದಾರಿ ಮುಚ್ಚಿಹೋಗುತ್ತಿತ್ತು. ನಾವಿಕನ ಬಟ್ಟೆ ಹಾಕಿಕೊಂಡು, ಇನ್ನೊಬ್ಬರ ಕಾಗದಪತ್ರ ಹಿಡಿದು ರೈಲು ಹತ್ತಿದ್ದನ್ನು ಪೂರ್ತಿ ಬರೆದದ್ದು 1881ರಲ್ಲಿ. ಅಷ್ಟು ಹೊತ್ತಿಗೆ ಗುಲಾಮಗಿರಿ ರದ್ದಾಗಿ ಹದಿನಾರು ವರ್ಷವಾಗಿತ್ತು.

ಪ್ರಶ್ನೆ: ಅಮೆರಿಕದಲ್ಲಿ ಗುಲಾಮಳಾಗಿದ್ದ ಹ್ಯಾರಿಯೆಟ್ ಜೇಕಬ್ಸ್ ಅವರ ಪುಸ್ತಕದಲ್ಲಿ ಒಡೆಯ ಕಿವಿಯಲ್ಲಿ ಕೊಳಕು ಮಾತು ಪಿಸುಗುಟ್ಟಿದ ಅಂತ ಇದೆ, ಏನು ಮಾತು ಅಂತ ಇಲ್ಲ. ಇಂಥ ಕಡೆಗಳಲ್ಲೆಲ್ಲ ಬಾಗಿಲು ಹಾಕಿಬಿಡುತ್ತಾರೆ. ಒಬ್ಬ ಹೆಣ್ಣಾಗಿ ನನಗೆ ಇದು ಮೋಸ ಅನ್ನಿಸಿತು. ಸತ್ಯ ಹೇಳಲು ಹೊರಟವರು ಪೂರ್ತಿ ಹೇಳಬೇಕಲ್ವಾ ಅಕ್ಕಾ?

ಉತ್ತರ: ಪೂರ್ತಿ ಯಾರಿಗೆ ಹೇಳಬೇಕು? 1861ರ ಬಿಳಿ ಓದುಗರಿಗೆ. ಹೇಳಿದ್ದರೆ ಅವರು ಒಡೆಯನ ಮೇಲೆ ತಪ್ಪು ಹೊರಿಸುತ್ತಿರಲಿಲ್ಲ, ಇವರ ನಡತೆಯ ಬಗ್ಗೆ ಮಾತಾಡುತ್ತಿದ್ದರು. ಜೇಕಬ್ಸ್‌ಗೆ ಅದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಪುಸ್ತಕದಲ್ಲಿ ತಮ್ಮ ಹೆಸರನ್ನು ಲಿಂಡಾ ಬ್ರೆಂಟ್ ಅಂತ ಮಾಡಿಕೊಂಡರು, ಉಳಿದವರ ಹೆಸರನ್ನೂ ಬದಲಾಯಿಸಿದರು. ಗೆಳತಿ ಏಮಿ ಪೋಸ್ಟ್‌ಗೆ ಅವರು ಹೇಳಿದ ಒಂದು ಮಾತು ಪುಸ್ತಕದ ಕೊನೆಯಲ್ಲೇ ಇದೆ: ತನಗಾದ ಅನ್ಯಾಯವನ್ನು ಹೆಣ್ಣು ಆಪ್ತ ಗೆಳತಿಯ ಕಿವಿಯಲ್ಲಿ ಹೇಳಿಕೊಂಡುಬಿಡಬಹುದು, ಜಗತ್ತು ಓದಲಿ ಅಂತ ಬರೆಯುವುದು ಮಾತ್ರ ಬಲು ಕಷ್ಟ. ನೀವು ಹೆಣ್ಣಾಗಿ ಕೇಳಿದ್ದೀರಿ, ನಾನೂ ಹೆಣ್ಣಾಗಿಯೇ ಹೇಳುತ್ತೇನೆ, ಈ ಮಾತನ್ನು ನಾನು ಮೋಸ ಅನ್ನಲಾರೆ.

ಆದರೆ ಆ ಪುಸ್ತಕದಲ್ಲಿ ಬೇರೆಯವರ ಕೈಯೂ ಇದೆ. ಸಂಪಾದಕಿ ಲಿಡಿಯಾ ಮರಿಯಾ ಚೈಲ್ಡ್ ಒಳ್ಳೆಯವರೇ, ಗುಲಾಮಗಿರಿ ವಿರುದ್ಧ ಜೀವನಪೂರ್ತಿ ಬರೆದವರು. ಕ್ರೌರ್ಯದ ಸಂಗತಿಗಳನ್ನೆಲ್ಲ ತೆಗೆದು ಒಂದೇ ಅಧ್ಯಾಯದಲ್ಲಿ ಸೇರಿಸಿದ್ದೇನೆ, ಓದಲಾಗದವರು ಅದನ್ನು ಬಿಟ್ಟು ಮುಂದೆ ಹೋಗಬಹುದು ಅಂತ ಅವರೇ ಒಂದು ಪತ್ರದಲ್ಲಿ ಬರೆದಿದ್ದಾರೆ. ಗುಲಾಮಗಿರಿ ವಿರುದ್ಧ ಬಂದೂಕು ಹಿಡಿದ ಜಾನ್ ಬ್ರೌನ್ ಬಗ್ಗೆ ಜೇಕಬ್ಸ್ ಕೊನೆಯ ಅಧ್ಯಾಯ ಬರೆದಿದ್ದರು. ಅದು ಬೇಡ, ಅಜ್ಜಿಯ ಸಾವಿನೊಂದಿಗೆ ಮುಗಿಸಿ ಅಂದರು ಚೈಲ್ಡ್. ಹಾಗೇ ಆಯಿತು. ಮೇರಿ ಪ್ರಿನ್ಸ್ ಅವರದ್ದೂ ಹೀಗೇ. 1833ರಲ್ಲಿ ಒಂದು ಕೋರ್ಟ್ ಕೇಸಿನಲ್ಲಿ ಅವರು ಸಾಕ್ಷಿ ಹೇಳುವಾಗ, ಕ್ಯಾಪ್ಟನ್ ಒಬ್ಬರ ಜೊತೆ ಏಳು ವರ್ಷದ ಸಂಬಂಧ ಇತ್ತು ಅನ್ನುವುದು ಹೊರಗೆ ಬಂತು. ಬರೆದುಕೊಂಡವರಿಗೆ ಅವರು ಅದನ್ನು ಹೇಳಿದ್ದರು. ಪುಸ್ತಕದಲ್ಲಿ ಬರಲಿಲ್ಲ. ಹೀಗಾಗಿ ಈ ಪುಸ್ತಕಗಳಲ್ಲಿ ಎಲ್ಲಾದರೂ ಮಾತು ನಿಂತರೆ, ಬಾಯಿ ಮುಚ್ಚಿಕೊಂಡದ್ದು ಯಾರು, ಮುಚ್ಚಿಸಿದ್ದು ಯಾರು ಅಂತ ಕೇಳಿ ನೋಡಬೇಕು. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ಎಲ್ಲವನ್ನೂ ‘ಸಂಯಮ’ ಅಂತ ಹೊಗಳಿಬಿಟ್ಟರೆ ಮುಚ್ಚಿಸಿದವರನ್ನೂ ಹೊಗಳಿದ ಹಾಗಾಗುತ್ತದೆ.

ಕ್ಯೂಬಾದ ಕವಿ ಹುವಾನ್ ಫ್ರಾನ್ಸಿಸ್ಕೊ ಮಾನ್ಸಾನೊ ಇನ್ನೂ ಗುಲಾಮರಾಗಿದ್ದಾಗಲೇ, 1835ರಲ್ಲಿ, ತಮ್ಮ ಕಥೆ ಬರೆಯಲು ಶುರು ಮಾಡಿದರು. ಏಟಿನ ವಿಷಯ ಬಂದಾಗ ಒಂದು ಕಡೆ, ಈ ನೋವಿನ ದೃಶ್ಯದ ಉಳಿದ ಭಾಗವನ್ನು ಮೌನವಾಗಿ ದಾಟಿಬಿಡೋಣ ಅನ್ನುತ್ತಾರೆ. ಅಮೆರಿಕದ ಕಪ್ಪು ಕಾದಂಬರಿಕಾರ್ತಿ ಟೋನಿ ಮಾರಿಸನ್ ಈ ಥರದ ಬರಹಗಳ ಬಗ್ಗೆ 1987ರ ಒಂದು ಪ್ರಬಂಧದಲ್ಲಿ ಮಾತಾಡಿದ್ದಾರೆ. ಇಂಥ ಕಡೆ ಆ ಹಳೆಯ ಬರಹಗಾರರು ಎಳೆದ ಪರದೆಯನ್ನು ಹರಿಯುವುದು ಈಗ ಬರೆಯುವ ನನ್ನ ಕೆಲಸ ಅನ್ನುವುದು ಮಾರಿಸನ್ ಅವರ ನಿಲುವು. ಅದು ಸರಿಯೇ. ಆದರೆ ಮಾರಿಸನ್‌ಗೆ ಹರಿಯಲು ಸಾಧ್ಯವಾದದ್ದು ಇವರು ‘ಇಲ್ಲಿ ಪರದೆ ಇದೆ’ ಅಂತ ಗುರುತು ಮಾಡಿ ಹೋದದ್ದರಿಂದ.

ಇನ್ನು ಜೇಕಬ್ಸ್ ಬಾಗಿಲು ಹಾಕದೆ ಹೇಳಿದ್ದನ್ನು ನೀವು ಬಿಟ್ಟುಬಿಟ್ಟಿದ್ದೀರಿ ಅನ್ನಿಸುತ್ತದೆ. ನಾರ್ತ್ ಕೆರೊಲಿನಾದ ಈಡನ್‌ಟನ್‌ನಲ್ಲಿ ಅಜ್ಜಿಯ ಮನೆಯ ಅಟ್ಟ. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಎತ್ತರ ಜಾಸ್ತಿ ಅಂದರೆ ಮೂರು ಅಡಿ. ಒಡೆಯನಿಂದ ತಪ್ಪಿಸಿಕೊಂಡು ಅದರೊಳಗೆ ಅವರು ಸುಮಾರು ಏಳು ವರ್ಷ ಇದ್ದರು. ಏಳು ದಿನ ಅಲ್ಲ. ಮಲಗಿದಲ್ಲಿ ಮಗ್ಗುಲು ಬದಲಿಸಲು ಹೋದರೆ ಸೂರು ತಾಗುತ್ತದೆ. ಬೆಳಕಿಲ್ಲ, ಹಾಸಿಗೆಯ ಮೇಲೆ ಇಲಿ ಓಡುತ್ತವೆ. ಒಂದು ದಿನ ಕೈಗೆ ಬೈರಿಗೆ ಸಿಗುತ್ತದೆ, ಅದರಲ್ಲಿ ಹಲಗೆಗೆ ತೂತು ಕೊರೆದು ಕೊರೆದು ಒಂದು ಅಂಗುಲದ ಕಿಂಡಿ ಮಾಡಿಕೊಳ್ಳುತ್ತಾರೆ. ಕೆಳಗೆ ತಮ್ಮದೇ ಇಬ್ಬರು ಮಕ್ಕಳು ಆಡುತ್ತಿರುತ್ತಾರೆ. ಅವರ ದನಿ ಕೇಳಿಸುತ್ತದೆ, ಮುಖ ಕಾಣಿಸುತ್ತದೆ, ಕರೆಯುವ ಹಾಗಿಲ್ಲ. ಅಮ್ಮ ತಲೆಯ ಮೇಲೇ ಇದ್ದಾಳೆ ಅಂತ ಮಕ್ಕಳಿಗೆ ಗೊತ್ತಿಲ್ಲ. ಎರಡನೇ ಚಳಿಗಾಲದಲ್ಲಿ ಮುಖ, ನಾಲಿಗೆ ಮರಗಟ್ಟಿ ಮಾತೇ ಹೋಯಿತು ಅಂತ ಬರೆಯುತ್ತಾರೆ, ಅದನ್ನೂ ವರದಿ ಕೊಟ್ಟ ಹಾಗೆ. ಈ ಅಳತೆಗಳನ್ನು ಒಂದು ಸಲ ನೆಲದ ಮೇಲೆ ಟೇಪು ಹಿಡಿದು ಗೆರೆ ಹಾಕಿ ನೋಡಿ. ನಾನು ಹಾಕಿ ನೋಡಿದ್ದೇನೆ. ಮೂರು ಅಡಿ ಎತ್ತರದಲ್ಲಿ ಕೈ ಚಾಚಿ ಹಿಡಿದಾಗ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಇಷ್ಟು ಎಚ್ಚರದಿಂದ ಬರೆದರೂ ಆಮೇಲೆ ಬಂದವರು ಅದನ್ನು ಕಾದಂಬರಿ ಅಂದುಬಿಟ್ಟರು, ಚೈಲ್ಡ್ ಅವರೇ ಬರೆದಿರಬೇಕು ಅಂದರು. 1980ರ ದಶಕದಲ್ಲಿ ಸಂಶೋಧಕಿ ಜೀನ್ ಫೇಗನ್ ಯೆಲಿನ್ ಹಳೇ ಪತ್ರಗಳನ್ನು ಹುಡುಕಿ ಹೊಂದಿಸಿ, ಬರೆದದ್ದು ಜೇಕಬ್ಸ್ ಅವರೇ, ನಡೆದದ್ದೇ ಬರೆದಿದ್ದಾರೆ ಅಂತ ತೋರಿಸಿಕೊಟ್ಟರು. ಅದಕ್ಕೆ ನೂರಿಪ್ಪತ್ತು ವರ್ಷ ಹಿಡಿಯಿತು.

ಪ್ರಶ್ನೆ: ಎಲ್ಲರೂ ಹೀಗೇ ಬರೆದರಾ? ಅತ್ತವರು ಯಾರೂ ಇಲ್ಲವಾ?

ಉತ್ತರ: ಇದ್ದಾರೆ. ಸಾಲೊಮನ್ ನಾರ್ಥಪ್ ಅವರನ್ನೇ ನೋಡಿ. ಸ್ವತಂತ್ರರಾಗಿ ಹುಟ್ಟಿದವರು, 1841ರಲ್ಲಿ ಅಪಹರಣವಾಗಿ ಲೂಸಿಯಾನಾಕ್ಕೆ ಮಾರಾಟವಾದರು, 1853ರಲ್ಲಿ ಬಿಡುಗಡೆಯಾದರು. ಎಲೈಜಾ ಅನ್ನುವ ತಾಯಿಯಿಂದ ಮೊದಲು ಮಗನನ್ನು, ಆಮೇಲೆ ಮಗಳನ್ನು ಕಿತ್ತುಕೊಳ್ಳುವುದನ್ನು ಅವರು ಏನನ್ನೂ ತಡೆಯದೆ ಬರೆಯುತ್ತಾರೆ, ಅವಳ ಕೂಗು, ಬೇಡಿಕೆ ಎಲ್ಲ ಅಲ್ಲಿದೆ. ತಮ್ಮ ಪಾಡಿನ ಮಾತು ಬಂದಾಗ ದನಿ ಬೇರೆಯಾಗುತ್ತದೆ. ಹತ್ತಿ ಬಿಡಿಸುವವರಿಗೆ ದಿನಕ್ಕೆ 200 ಪೌಂಡ್ ಲೆಕ್ಕ. ಸಂಜೆ ಬುಟ್ಟಿ ಹೊತ್ತು ತೂಕಕ್ಕೆ ಹೋಗುವಾಗ ಎಲ್ಲರಿಗೂ ನಡುಕ. ಕಮ್ಮಿ ಬಂದರೆ ಏಟು, ಜಾಸ್ತಿ ಬಂದರೆ ನಾಳೆಯಿಂದ ಅಷ್ಟನ್ನೇ ಬಿಡಿಸಬೇಕು. ಮೊದಲ ದಿನ ಇವರ ತೂಕ 95 ಪೌಂಡ್. ಹೀಗೆ ಲೆಕ್ಕವನ್ನಷ್ಟೇ ಕೊಡುತ್ತಾರೆ. ಡಗ್ಲಸ್ ಕೂಡ ಪುಸ್ತಕದಲ್ಲಿ ಒಂದು ಕಡೆ ಕೊಲ್ಲಿಯ ಹಡಗುಗಳನ್ನು ನೋಡುತ್ತಾ ಮನಸ್ಸು ಬಿಚ್ಚಿ ಗೋಳಿಟ್ಟಿದ್ದಾರೆ. ಚಿಕ್ಕಮ್ಮ ಹೆಸ್ಟರ್‌ಗೆ ಹೊಡೆದದ್ದನ್ನು ಬರೆಯುವಾಗ ಮಾತ್ರ ತೊಲೆ, ಕೊಕ್ಕೆ, ಸ್ಟೂಲು ಎಲ್ಲ ಹೇಳಿ, ಅದನ್ನು ನೋಡಿದಾಗ ಆದದ್ದನ್ನು ಕಾಗದದ ಮೇಲೆ ತರಲು ನನ್ನಿಂದ ಆಗುತ್ತಿಲ್ಲ ಅಂದುಬಿಡುತ್ತಾರೆ.

ಪ್ರಶ್ನೆ: ಚಿಕ್ಕಂದಿನಲ್ಲಿ ನನಗಾದ ಒಂದು ವಿಷಯವನ್ನು ಬರೆಯುತ್ತಿದ್ದೇನೆ. ಗುಲಾಮಗಿರಿಯ ಮುಂದೆ ಅದು ಏನೂ ಅಲ್ಲ, ಆದರೂ ನನಗೆ ದೊಡ್ಡದು. ಓದಿದ ಸ್ನೇಹಿತರು, ಅಳು ಜಾಸ್ತಿಯಾಯಿತು, ತಡೆದು ಬರಿ, ಡಗ್ಲಸ್ ನೋಡು ಅಂತಾರೆ. ಏನು ಮಾಡಲಿ?

ಉತ್ತರ: ಅವರು ತಡೆದು ಬರೆದದ್ದು ನಮಗೆಲ್ಲ ಬರವಣಿಗೆಯ ಪಾಠ ಆಗಲಿ ಅಂತ ಅಲ್ಲ. ನಂಬದ ಜನ, ಬೆನ್ನ ಹಿಂದೆ ಹಿಡಿಯಲು ಬರುವವರು, ಅಡ್ಡ ಕೈ ಹಾಕುವ ಸಂಪಾದಕರು, ಇಷ್ಟರ ನಡುವೆ ಬರೆದರು. ನಿಮ್ಮ ಮುಂದೆ ಅವರ್ಯಾರೂ ಇಲ್ಲ. ಅದಕ್ಕೇ ಮೊದಲ ಸಲ ಎಲ್ಲ ಬರೆದುಬಿಡಿ, ಅಳು ಬಂದರೆ ಅಳುವನ್ನೂ ಬರೆಯಿರಿ. ಸ್ವಲ್ಪ ದಿನ ಬಿಟ್ಟು ಓದಿ. ‘ತುಂಬಾ ದುಃಖವಾಯಿತು’ ಅಂತ ಬರೆದ ಕಡೆಯೆಲ್ಲ ನಿಂತು, ಆಗ ಕೈಯಲ್ಲಿ ಏನಿತ್ತು, ಕಣ್ಣ ಮುಂದೆ ಏನಿತ್ತು ಅಂತ ನೆನಪು ಮಾಡಿಕೊಳ್ಳಿ. ನೆನಪಾದರೆ ಅದನ್ನು ಬರೆಯಿರಿ. ಆಮೇಲೂ ‘ದುಃಖವಾಯಿತು’ ಬೇಕು ಅನ್ನಿಸಿದರೆ ಇರಲಿ ಬಿಡಿ, ಯಾರ ಮಾತೂ ಕೇಳಬೇಡಿ. ನೆನಪಾಗದಿದ್ದರೆ ಒತ್ತಾಯ ಮಾಡಬೇಡಿ, ಕೆಲವು ಸಂಗತಿ ಬರಲು ವರ್ಷಗಳೇ ಹಿಡಿಯುತ್ತವೆ.

ಡಗ್ಲಸ್‌ಗೆ ಹತ್ತು ವರ್ಷ ಹಿಡಿಯಿತು. 1845ರಲ್ಲಿ ಗುರುತಿಲ್ಲದವರ ಸಾವಿನ ಹಾಗೆ ಅಂತ ಮುಗಿಸಿದ ಅಮ್ಮನ ವಿಷಯವನ್ನು 1855ರ ಪುಸ್ತಕದಲ್ಲಿ ಮತ್ತೆ ತೆಗೆದರು. ಅಮ್ಮನನ್ನು ಸರಿಯಾಗಿ ತಿಳಿಯಲೇ ಇಲ್ಲ ಅನ್ನುವುದು ಜೀವಮಾನದ ಕೊರಗು ಅಂತ ಈ ಸಲ ಬಾಯಿಬಿಟ್ಟು ಹೇಳಿದರು. ಮೊದಲ ಪುಸ್ತಕದಲ್ಲಿ ಇಲ್ಲದ ಒಂದು ರಾತ್ರಿಯನ್ನೂ ಬರೆದರು. ಅಡುಗೆಮನೆಯ ಕೇಟಿ ಚಿಕ್ಕಮ್ಮ ಸಿಟ್ಟಿಗೆ ಹುಡುಗನಿಗೆ ದಿನವಿಡೀ ಊಟ ಕೊಟ್ಟಿರಲಿಲ್ಲ. ಅವನು ಕದ್ದು ಇಟ್ಟುಕೊಂಡ ನಾಲ್ಕು ಜೋಳದ ಕಾಳನ್ನು ಬೂದಿಯಲ್ಲಿ ಸುಡುತ್ತಿದ್ದಾಗ ಅಮ್ಮ ಒಳಗೆ ಬಂದಳು. ವಿಷಯ ತಿಳಿದು ಕೇಟಿಯನ್ನು ಚೆನ್ನಾಗಿ ಬೈದಳು, ಕಾಳನ್ನು ಕಿತ್ತುಕೊಂಡು ಮಗನ ಕೈಗೆ ಶುಂಠಿ ಕೇಕ್ ಕೊಟ್ಟಳು. ಹೃದಯದ ಆಕಾರದ ಕೇಕ್, ಅಂಚಿನ ಸುತ್ತ ಕಪ್ಪಗೆ ಹೊಳೆಯುವ ಒಂದು ಗೆರೆ ಇತ್ತು. ಅವನು ಅಮ್ಮನ ತೊಡೆಯ ಮೇಲೆ ಕೂತಿದ್ದ. ಹಾಗೇ ನಿದ್ದೆ ಬಂತು. ಬೆಳಿಗ್ಗೆ ಎದ್ದಾಗ ಅಮ್ಮ ಇರಲಿಲ್ಲ, ಆಮೇಲೆ ಅವಳನ್ನು ನೋಡಿದ ನೆನಪು ಅವನಿಗಿಲ್ಲ.